ಬೆಂಗಳೂರಿನಿಂದ ಹಳ್ಳಿ ದಾರಿಯಲ್ಲಿ ಒಂದು ದಿನದ ಡ್ರೈವ್: ಯಾವ ದಿಕ್ಕಿಗೆ ಹೋಗೋದು?

ಬೆಂಗಳೂರಿನಿಂದ ಒಂದು ದಿನ ಹೊರಗೆ ಹೋಗಿಬರೋಣ ಅಂದಾಗ ಎಲ್ಲರೂ ಮೊದಲು ಜಾಗದ ಹೆಸರು ಹೇಳುತ್ತಾರೆ. ನಂದಿ ಬೆಟ್ಟ, ಶಿವಗಂಗೆ, ಮೇಕೆದಾಟು. ಆಮೇಲೆ ಅಲ್ಲಿಗೆ ಬೇಗ ತಲುಪಿಸುವ ಹೆದ್ದಾರಿ ಹಿಡಿಯುತ್ತಾರೆ. ಟೋಲ್ ಕಟ್ಟಿ, ಲಾರಿಗಳ ಮಧ್ಯೆ ನುಸುಳಿ, ಬೆಟ್ಟದ ಬುಡದಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ನಾನು ಹೇಳುವುದು ಇಷ್ಟೇ: ಮೊದಲು ರಸ್ತೆ ಆರಿಸಿಕೊಳ್ಳಿ. ಜಾಗ ತಾನಾಗಿ ಸಿಗುತ್ತದೆ. ಕಾರಿನ ಕಿಟಕಿ ಇಳಿಸಿ, ನಲವತ್ತರ ವೇಗದಲ್ಲಿ ಆರಾಮಾಗಿ ಹೋಗಬಹುದಾದ ರಸ್ತೆಗಳು ನಮ್ಮ ಊರಿನ ಸುತ್ತ ಇನ್ನೂ ಬೇಕಾದಷ್ಟಿವೆ.

ಹಳ್ಳಿ ದಾರಿ ಅಂದರೆ ನನ್ನ ಲೆಕ್ಕದಲ್ಲಿ, ಎದುರಿಂದ ಬಸ್ಸು ಬಂದಾಗ ಒಂದು ಕಡೆಯ ಚಕ್ರ ಮಣ್ಣಿಗಿಳಿಸಿ ದಾರಿ ಬಿಡಬೇಕಾದ ರಸ್ತೆ. ಮಧ್ಯೆ ಡಿವೈಡರ್ ಇರಬಾರದು. ಸ್ವಲ್ಪ ಹೊತ್ತಿಗೊಂದು ಊರು ಬರಬೇಕು. ಊರಲ್ಲಿ ಒಂದು ಅರಳಿಕಟ್ಟೆ, ಒಂದು ಟೀ ಅಂಗಡಿ ಇರಬೇಕು. ಮನಸ್ಸು ಬಂದ ಕಡೆ ಗಾಡಿ ನಿಲ್ಲಿಸಿ ಇಳಿಯುವ ಹಾಗಿರಬೇಕು. ಈ ಅಳತೆ ಇಟ್ಟುಕೊಂಡು ಬೆಂಗಳೂರಿನ ಐದು ದಿಕ್ಕುಗಳನ್ನು ಹೋಲಿಸಿದ್ದೇನೆ. ಐದೂ ಒಂದೇ ಸಮ ಇಲ್ಲ. ಮಾಗಡಿ ಮತ್ತು ಕೋಲಾರದ ಕಡೆ ನನಗೆ ಒಲವು ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆರಿಸುವ ಮೊದಲು ನೋಡಬೇಕಾದ್ದು

ಮೊದಲನೆಯದು, ನಿಮ್ಮ ಮನೆ ಎಲ್ಲಿದೆ ಅನ್ನೋದು. ಸುಮ್ನೆ ಹೇಳುತ್ತಿಲ್ಲ, ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ವೈಟ್‌ಫೀಲ್ಡ್‌ನವರು ಮಾಗಡಿ ದಾರಿ ಹಿಡಿಯಬೇಕಾದರೆ ಇಡೀ ನಗರ ಸೀಳಿಕೊಂಡು ಬರಬೇಕು. ಅವರಿಗೆ ಕೋಲಾರದ ಕಡೆ ವಾಸಿ. ವಿಜಯನಗರ, ರಾಜಾಜಿನಗರದವರಿಗೆ ಮಾಗಡಿ ಹತ್ತಿರ. ಯಲಹಂಕದವರಿಗೆ ದೊಡ್ಡಬಳ್ಳಾಪುರ, ಜಯನಗರ ಬನಶಂಕರಿಯವರಿಗೆ ಕನಕಪುರ. ನೈಸ್ ರೋಡ್ ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಸುತ್ತುಹಾಕುವುದರಿಂದ ಪಶ್ಚಿಮ ಮತ್ತು ದಕ್ಷಿಣದ ದಿಕ್ಕುಗಳಿಗೆ ಅನುಕೂಲ. ಟೋಲ್ ಕೈ ಕಚ್ಚುತ್ತದೆ, ನಿಜ. ಆದರೆ ಬೆಳಗಿನ ಆ ಒಂದು ಗಂಟೆ ಉಳಿದರೆ ಇಡೀ ದಿನ ಉಳಿದ ಹಾಗೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಯಾವ ದಿಕ್ಕಾದರೂ ಸರಿಹೋಗುತ್ತದೆ. ಎಂಟು ಗಂಟೆ ಆಯಿತು ಅಂದರೆ ಮನೆಗೆ ಹತ್ತಿರದ ದಿಕ್ಕನ್ನೇ ಹಿಡಿಯಿರಿ.

ಎರಡನೆಯದು, ಯಾವ ತಿಂಗಳು. ಜುಲೈನಿಂದ ಅಕ್ಟೋಬರ್‌ವರೆಗೆ ಹೊಲಗಳು ಹಸಿರು, ಆಕಾಶ ಮೋಡ. ನವೆಂಬರ್, ಡಿಸೆಂಬರ್ ರಾಗಿ ಕೊಯ್ಲಿನ ಕಾಲ. ಊರೂರಲ್ಲೂ ಒಕ್ಕಣೆ, ರಾಗಿ ಹುಲ್ಲಿನ ಮೆದೆ. ಜನವರಿವರೆಗೂ ಬೆಳಗಿನ ಚಳಿ ಚೆನ್ನಾಗಿರುತ್ತದೆ. ಮಾರ್ಚ್ ದಾಟಿದರೆ ಬಯಲಿನಲ್ಲಿ ಬಿಸಿಲು ತಡೆಯೋಕಾಗಲ್ಲ. ಆಗ ಮರಗಳಿರುವ ದಾರಿ ಬೇಕು, ಇಲ್ಲವೇ ಹತ್ತು ಗಂಟೆಯೊಳಗೆ ತಿರುಗಾಟ ಮುಗಿಸಬೇಕು.

ಮೂರನೆಯದು, ಕಾರಿನಲ್ಲಿ ಯಾರಿದ್ದಾರೆ. ಅಜ್ಜಿ, ತಾತ ಇದ್ದರೆ ಹತ್ತುವ ಬೆಟ್ಟ ಬೇಡ. ಗಾಡಿ ಬಾಗಿಲವರೆಗೆ ಹೋಗುವ ದೇವಸ್ಥಾನ ಬೇಕು, ನಡುವೆ ಒಂದು ಒಳ್ಳೆ ಶೌಚಾಲಯವೂ ಬೇಕು. ಇದನ್ನು ಯೋಚಿಸದೆ ಹೊರಟರೆ ಹಿರಿಯರು ನೀರು ಕುಡಿಯದೆ ಇಡೀ ದಿನ ಕಳೆಯುತ್ತಾರೆ. ಪೆಟ್ರೋಲ್ ಬಂಕ್‌ಗಳು ಎಲ್ಲಿವೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಮಾಗಡಿ ಕಡೆ: ಮೊದಲ ಸಲಕ್ಕೆ ಇದೇ

ಹಳ್ಳಿ ದಾರಿಯ ರುಚಿ ಇನ್ನೂ ಹತ್ತದವರಿಗೆ ನಾನು ಯೋಚನೆ ಮಾಡದೆ ಹೇಳುವುದು ಮಾಗಡಿ. ಮೆಜೆಸ್ಟಿಕ್‌ನಿಂದ ಸುಮಾರು 50 ಕಿಲೋಮೀಟರ್. ಸುಂಕದಕಟ್ಟೆ, ಬ್ಯಾಡರಹಳ್ಳಿ ದಾಟುವವರೆಗೆ ತಾಳ್ಮೆ ಬೇಕು. ತಾವರೆಕೆರೆ ಆದಮೇಲೆ ಬೋರ್ಡುಗಳು ಕಮ್ಮಿಯಾಗಿ ಮರಗಳು ಜಾಸ್ತಿಯಾಗುತ್ತವೆ. ರಸ್ತೆ ಏರಿಳಿಯುತ್ತಾ ತಿರುಗುತ್ತಾ ಹೋಗುತ್ತದೆ. ದೂರದಲ್ಲಿ ಸಾವನದುರ್ಗದ ಬಂಡೆ ಒಮ್ಮೆ ಎಡಕ್ಕೆ, ಒಮ್ಮೆ ನೇರಕ್ಕೆ ಕಾಣಿಸಿಕೊಳ್ಳುತ್ತದೆ.

ಇಲ್ಲಿಗೆ ಇನ್ನೊಂದು ದಾರಿಯೂ ಇದೆ. ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನವರೆಗೆ ಹೋಗಿ, ಬಲಕ್ಕೆ ತಿರುಗಿ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿಕೊಂಡು ಮುಂದೆ ಹೋಗುವುದು. ಸುಮಾರು 400 ವರ್ಷದ ಮರ, ಮೂರು ಎಕರೆಯಷ್ಟು ಹರಡಿಕೊಂಡಿದೆ. ಮೂಲ ಬೊಡ್ಡೆ ರೋಗ ಬಂದು ಹೋಗಿ ಎಷ್ಟೋ ವರ್ಷವಾಯಿತು. ಈಗ ನಿಂತಿರುವುದೆಲ್ಲ ಬಿಳಲುಗಳ ಮೇಲೆ. ಎರಡು ದಾರಿಗಳಲ್ಲಿ ಯಾವುದು? ಮಕ್ಕಳಿದ್ದರೆ ಆಲದ ಮರದ ದಾರಿ. ಬರೀ ಡ್ರೈವ್ ಬೇಕಾದರೆ ನೇರ ಮಾಗಡಿ ರಸ್ತೆ. ಕೆಂಗೇರಿ ಗದ್ದಲ ತಪ್ಪುತ್ತದೆ.

ದಾರಿಯಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಪಕ್ಕ ಹಾದುಹೋಗುತ್ತೀರಿ. ಅರ್ಕಾವತಿ ಮತ್ತು ಕುಮುದ್ವತಿ ಸೇರುವ ಜಾಗದಲ್ಲಿ 1933ರಲ್ಲಿ ಕಟ್ಟಿದ್ದು. ಕಾವೇರಿ ನೀರು ಬರುವ ಮೊದಲು ಬೆಂಗಳೂರಿನ ಮನೆಮನೆಗಳಿಗೆ ಇಲ್ಲಿಂದಲೇ ನೀರು ಹೋಗುತ್ತಿತ್ತು. ಅಜ್ಜಿ ತಾತಂದಿರಿಗೆ ಈ ಹೆಸರು ಹೇಳಿ ನೋಡಿ, ನಲ್ಲಿ ಕಾಲದ ಕಥೆಗಳು ಹೊರಗೆ ಬರುತ್ತವೆ.

ಮಾಗಡಿ ಊರಲ್ಲಿ ತಿರುಮಲೆ ರಂಗನಾಥ ಸ್ವಾಮಿ ದೇವಸ್ಥಾನ, ಹಳೇ ಕೋಟೆ, ಸೋಮೇಶ್ವರ ದೇವಸ್ಥಾನ ಇವೆ. ಮಾಗಡಿ ಅಂದಮೇಲೆ ಕೆಂಪೇಗೌಡರ ಹೆಸರು ಬರಲೇಬೇಕು. ಇದೇ ತಾಲ್ಲೂಕಿನ ಕೆಂಪಾಪುರದಲ್ಲಿ ಅವರ ಸಮಾಧಿ ಇರುವುದು 2015ರಲ್ಲಿ ಬೆಳಕಿಗೆ ಬಂತು. ನಾವು ದಿನಾ ಹೆಸರು ಹೇಳಿಕೊಂಡು ಓಡಾಡುವ ನಗರ ಕಟ್ಟಿದವರು ಇಂಥ ಚಿಕ್ಕ ಊರಲ್ಲಿ ಮಲಗಿದ್ದಾರೆ. ಒಮ್ಮೆ ಹೋಗಿ ನಿಂತು ಬನ್ನಿ.

ಮಾಗಡಿಯಿಂದ ಸಾವನದುರ್ಗ ಹತ್ತು ಹನ್ನೆರಡು ಕಿಲೋಮೀಟರ್. 1,226 ಮೀಟರ್ ಎತ್ತರದ ಬೆಟ್ಟ, ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಭಾಗ. ಹತ್ತಲೇಬೇಕು ಅಂತಿಲ್ಲ. ಬುಡದಲ್ಲಿ ವೀರಭದ್ರ ಸ್ವಾಮಿ ಮತ್ತು ನರಸಿಂಹ ಸ್ವಾಮಿ ದೇವಸ್ಥಾನಗಳಿವೆ, ಸುತ್ತ ಕಾಡಿದೆ. ಅಲ್ಲಿಂದ ಮಂಚನಬೆಲೆ ಜಲಾಶಯದ ಕಡೆ ಹೋಗುವ ದಾರಿಯೇ ಈ ದಿಕ್ಕಿನ ಅತಿ ಚೆನ್ನಾದ ಭಾಗ. ಒಂದು ಕಡೆ ಕಾಡು, ಇನ್ನೊಂದು ಕಡೆ ಬಂಡೆ, ಮಧ್ಯೆ ಮಧ್ಯೆ ನೀರು. ಇಲ್ಲಿ ಇಪ್ಪತ್ತೈದಕ್ಕಿಂತ ಜಾಸ್ತಿ ವೇಗ ಬೇಡವೇ ಬೇಡ. ಮಂಚನಬೆಲೆಯಲ್ಲಿ ನೀರಿಗೆ ಮಾತ್ರ ಇಳಿಯಬೇಡಿ. ಮೇಲಿಂದ ಶಾಂತವಾಗಿ ಕಾಣುತ್ತದೆ, ಆದರೆ ಈಜು ಬರುವವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಅಲ್ಲಿಂದ ಬಿಡದಿಗೆ ಬಂದು, ತಟ್ಟೆ ಇಡ್ಲಿ ತಿಂದು ವಾಪಸ್ಸಾದರೆ ಇಡೀ ಸುತ್ತು ಸುಮಾರು 120ರಿಂದ 130 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು.

ಡಿಸೆಂಬರ್, ಜನವರಿಯಲ್ಲಿ ಹೋದರೆ ಚೀಲ ತೆಗೆದುಕೊಂಡು ಹೋಗಿ. ಮಾಗಡಿ ಅವರೆಕಾಯಿಗೆ ಬೆಂಗಳೂರಿನಲ್ಲಿ ಎಷ್ಟು ಬೇಡಿಕೆ ಅಂತ ನಿಮಗೇ ಗೊತ್ತು. ಅದೇ ಕಾಯಿ ರಸ್ತೆ ಬದಿ ಗುಡ್ಡೆ ಹಾಕಿರುತ್ತಾರೆ. ಸೊಗಡು ಕೈಗೆ ಅಂಟುವಂಥ ಕಾಯಿ ಆರಿಸಿಕೊಳ್ಳಿ.

ಈ ದಿಕ್ಕಿನ ಕೊರತೆ ಏನು ಅಂದರೆ ಭಾನುವಾರದ ಜನ. ಒಂಬತ್ತು ಗಂಟೆ ಆದಮೇಲೆ ಸಾವನದುರ್ಗದ ಬುಡದಲ್ಲಿ ಬೈಕುಗಳದ್ದೇ ಸದ್ದು. ಆಗ ಮಾಗಡಿಯಿಂದ ಹುತ್ರಿದುರ್ಗ, ಹುಲಿಯೂರುದುರ್ಗದ ಕಡೆ ತಿರುಗಿಬಿಡಿ. ಅಲ್ಲಿ ತೆಂಗು, ರಾಗಿ, ಕೆರೆ. ಜನ ಕಮ್ಮಿ.

ಉತ್ತರ: ದೊಡ್ಡಬಳ್ಳಾಪುರವೋ, ಗುಡಿಬಂಡೆಯೋ?

ಉತ್ತರಕ್ಕೆ ಹೋಗುವವರಲ್ಲಿ ಮುಕ್ಕಾಲು ಪಾಲು ಬಳ್ಳಾರಿ ರಸ್ತೆ ಹಿಡಿಯುತ್ತಾರೆ. ಏರ್‌ಪೋರ್ಟಿಗೆ ಹೋಗುವವರು, ನಂದಿ ಬೆಟ್ಟದ ಸೂರ್ಯೋದಯಕ್ಕೆ ಹೊರಟವರು, ಚಿಕ್ಕಬಳ್ಳಾಪುರದ ಹತ್ತಿರ ಆದಿಯೋಗಿ ನೋಡುವವರು, ಎಲ್ಲ ಒಂದೇ ರಸ್ತೆಯಲ್ಲಿ. ಆರಾಮದ ಡ್ರೈವ್‌ಗೆ ಇದು ಬೇಡ. ಯಲಹಂಕದಿಂದ ರಾಜಾನುಕುಂಟೆ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗಿ. ಅಲ್ಲಿಂದ ಘಾಟಿ ಸುಬ್ರಹ್ಮಣ್ಯ. ಮಾಕಳಿದುರ್ಗದ ಪಕ್ಕದಲ್ಲಿ ರೈಲು ಹಳಿ ಬೆಟ್ಟ ಬಳಸಿಕೊಂಡು ಹೋಗುತ್ತದೆ. ಮಕ್ಕಳಿದ್ದರೆ ಅಲ್ಲಿ ರೈಲಿಗಾಗಿ ಕಾಯಲೇಬೇಕು.

ಘಾಟಿಯಲ್ಲಿ ಒಂದೇ ಕಲ್ಲಿನಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಹಿಂದಿನ ನರಸಿಂಹ ಕಾಣಲಿ ಅಂತ ಕನ್ನಡಿ ಇಟ್ಟಿದ್ದಾರೆ. ಡಿಸೆಂಬರ್ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ಸಾಲಾಗಿ ಕಟ್ಟಿರುವುದನ್ನು ನಗರದ ಮಕ್ಕಳು ನೋಡಬೇಕು. ಆ ದಿನಗಳಲ್ಲಿ ದಾರಿ ನಿಧಾನವಾಗುತ್ತದೆ. ನಿಧಾನಕ್ಕೆ ಅಂತಾನೇ ಹೊರಟಿದ್ದೀರಿ ಅಲ್ವಾ?

ಘಾಟಿಯಿಂದ ಹಳ್ಳಿಗಳ ಮೇಲೆ ನಂದಿ ಬೆಟ್ಟದ ಬುಡಕ್ಕೆ ಬರಬಹುದು. ಬೆಟ್ಟ ಹತ್ತದೆ ನಂದಿ ಗ್ರಾಮದ ಭೋಗನಂದೀಶ್ವರಕ್ಕೆ ಹೋಗಿ. ಒಂಬತ್ತನೇ ಶತಮಾನದ ದೇವಸ್ಥಾನ. ಭೋಗನಂದೀಶ್ವರ ಒಂದು ಕಡೆ, ಅರುಣಾಚಲೇಶ್ವರ ಇನ್ನೊಂದು ಕಡೆ, ನಡುವೆ ಉಮಾಮಹೇಶ್ವರ. ಹಿಂದೆ ಸುತ್ತಲೂ ಮೆಟ್ಟಿಲಿರುವ ದೊಡ್ಡ ಕಲ್ಯಾಣಿ. ಗಾಡಿ ಹತ್ತಿರದವರೆಗೆ ಹೋಗುತ್ತದೆ, ನೆಲ ಸಮತಟ್ಟು, ನೆರಳಿದೆ. ಹಿರಿಯರನ್ನು ಕರೆದುಕೊಂಡು ಹೋಗಲು ಬೆಂಗಳೂರಿನ ಸುತ್ತ ಇದಕ್ಕಿಂತ ಒಳ್ಳೆ ದೇವಸ್ಥಾನ ನಾನು ಹೇಳಲಾರೆ. ಪಕ್ಕದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟಿದ ಮನೆ ಮತ್ತು ಸಮಾಧಿ ಇವೆ. ಇಷ್ಟು ಮಾಡಿ ದೇವನಹಳ್ಳಿ ಮೇಲೆ ವಾಪಸ್ಸಾದರೆ ದಿನ ಸಾಕು.

ಇನ್ನೊಂದು ಆಯ್ಕೆ ಗುಡಿಬಂಡೆ. ಇದು ಇಡೀ ದಿನದ್ದು. ಚಿಕ್ಕಬಳ್ಳಾಪುರ ದಾಟಿ ಪೇರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ನೋಟವೇ ಬದಲಾಗುತ್ತದೆ. ಬಂಡೆಗಳ ಗುಡ್ಡ, ಕಡಲೆಕಾಯಿ ಮತ್ತು ಮುಸುಕಿನ ಜೋಳದ ಹೊಲ, ದೂರದೂರಕ್ಕೆ ಒಂದೊಂದು ಊರು. ಗುಡಿಬಂಡೆಯ ಕೋಟೆ ಪಾಳೇಗಾರ ಬೈರೇಗೌಡ ಕಟ್ಟಿಸಿದ್ದು, ಸುತ್ತುಸುತ್ತಾಗಿ ಏಳು ಹಂತ. ಬುಡದ ಅಮಾನಿ ಭೈರಸಾಗರ ಕೆರೆ ಮೇಲಿಂದ ನೋಡಿದರೆ ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಅನ್ನುತ್ತಾರೆ. ಕೆರೆ ತುಂಬಿದ ವರ್ಷ ಹೋಗಿ. ಇಲ್ಲಿನ ಟೀ ಅಂಗಡಿಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ನಿಮಗೆ ತೆಲುಗು ಬರದಿದ್ದರೂ ಯಾರೂ ದಾರಿ ತಪ್ಪಿಸಲ್ಲ, ಪ್ರೀತಿಯಿಂದ ಹೇಳುತ್ತಾರೆ.

ಗುಡಿಬಂಡೆಯಿಂದ ಗೌರಿಬಿದನೂರಿಗೆ ಹೋದರೆ ಪಕ್ಕದಲ್ಲೇ ವಿದುರಾಶ್ವತ್ಥ. ಸಾಲುಸಾಲು ನಾಗರ ಕಲ್ಲುಗಳಿರುವ ಜಾಗ. 1938ರ ಏಪ್ರಿಲ್‌ನಲ್ಲಿ ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದರ ಸ್ಮಾರಕ ಇದೆ. ದಕ್ಷಿಣದ ಜಲಿಯನ್ ವಾಲಾಬಾಗ್ ಅಂತ ಕರೆಯುತ್ತಾರೆ. ವಾಪಸ್ಸು ದೊಡ್ಡಬಳ್ಳಾಪುರದ ಮೇಲೆ. ಒಟ್ಟು 200 ಕಿಲೋಮೀಟರಿಗೂ ಜಾಸ್ತಿ. ಒಬ್ಬರೇ ಗಾಡಿ ಓಡಿಸುವುದಾದರೆ ದಣಿವಾಗುತ್ತದೆ, ಇಬ್ಬರು ಹಂಚಿಕೊಳ್ಳಿ.

ಇಲ್ಲಿ ಒಂದು ಮಾತು ಹೇಳಬೇಕು. ಮಾಗಡಿ ದಾರಿಯಲ್ಲಿ ನೋಡಿದ ಅರ್ಕಾವತಿ ಹುಟ್ಟುವುದು ಇದೇ ನಂದಿ ಬೆಟ್ಟದಲ್ಲಿ. ದೊಡ್ಡಬಳ್ಳಾಪುರದ ಕಡೆಯಿಂದ 1894ರ ಹೆಸರಘಟ್ಟ ಕೆರೆಗೆ, ಅಲ್ಲಿಂದ ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ದಿಕ್ಕು ಆರಿಸೋಕೆ ಆಗುತ್ತಿಲ್ಲ ಅನ್ನುವವರು ಈ ನದಿ ಹಿಡಿದುಕೊಳ್ಳಿ. ಒಂದೊಂದು ಭಾನುವಾರ ಒಂದೊಂದು ತುಂಡು. ನಗರದ ಪಕ್ಕದಲ್ಲೇ ಒಂದು ನದಿಗೆ ಏನಾಗಿದೆ ಅಂತಲೂ ಗೊತ್ತಾಗುತ್ತದೆ. ಕೆಲವು ಕಡೆ ಅದು ಬರೀ ಪೊದೆ ಬೆಳೆದ ಹಳ್ಳ. ನೋಡಿದಾಗ ಹೊಟ್ಟೆ ಉರಿಯುತ್ತದೆ.

ಪೂರ್ವ: ಕೆರೆ, ಬಂಡೆ, ಹಳೇ ದೇವಸ್ಥಾನ

ಕೋಲಾರದ ಕಡೆ ಏನಿದೆ ಅಂತ ಕೇಳುವವರೇ ಜಾಸ್ತಿ. ಹಳೇ ಮದ್ರಾಸ್ ರಸ್ತೆಯ ಆರು ಲೇನ್ ನೋಡಿ ಹಾಗೆ ಅಂದುಕೊಳ್ಳುತ್ತಾರೆ. ಹೊಸಕೋಟೆಯಲ್ಲಿ ಎಡಕ್ಕೆ ತಿರುಗಿ ಚಿಂತಾಮಣಿ ರಸ್ತೆ ಹಿಡಿದು ನೋಡಿ. ಎಚ್. ಕ್ರಾಸ್ ದಾಟಿದರೆ ಕೈವಾರ. ಕೈವಾರ ತಾತಯ್ಯ ಅಂತ ಜನ ಕರೆಯುವ ಯೋಗಿ ನಾರೇಯಣರ ಊರು. ಕನ್ನಡ, ತೆಲುಗು ಎರಡರಲ್ಲೂ ಪದ ಹಾಡಿದವರು. ಈ ಸೀಮೆಯಲ್ಲಿ ರೇಷ್ಮೆ ಬೆಳೆಯುವ ಮನೆಗಳು ಬಹಳ. ಗೋಡೆಗೆ ಒರಗಿಸಿದ ಚಂದ್ರಂಕಿ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ), ಅದರ ತುಂಬ ಹಳದಿ ಬಿಳಿ ಗೂಡು ಕಂಡರೆ ನಿಲ್ಲಿಸಿ. ಕೇಳಿದರೆ ತೋರಿಸುತ್ತಾರೆ. ಆದರೆ ಹುಳು ಸಾಕುವ ಮನೆಯೊಳಗೆ ಅವರಾಗಿ ಕರೆಯದೆ ಹೋಗಬೇಡಿ. ಹೊರಗಿನವರಿಂದ ರೋಗ ತಗುಲುತ್ತದೆ, ಅವರ ತಿಂಗಳ ದುಡಿಮೆ ಹೋಗುತ್ತದೆ.

ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಕೋಲಾರ ದಾಟಿ ಆವನಿ. ಮುಳಬಾಗಿಲಿಗೆ ಮೊದಲು ಹೆದ್ದಾರಿಯಿಂದ ಒಳಗೆ ತಿರುಗಬೇಕು. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಸ್ಥಾನಗಳ ಗುಂಪು, ಹಿಂದೆ ದೊಡ್ಡ ಬೆಟ್ಟ. ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಅಂತ ಊರವರು ಹೇಳುತ್ತಾರೆ. ಮುಳಬಾಗಿಲಿನಲ್ಲಿ ದೋಸೆ ತಿಂದು ಕುರುಡುಮಲೆಗೆ ಹೋಗಿ. ಒಂದೇ ಕಲ್ಲಿನ ಗಣಪತಿ, 13 ಅಡಿಗೂ ಎತ್ತರ. ಪಕ್ಕದ ಸೋಮೇಶ್ವರ ದೇವಸ್ಥಾನವನ್ನು ಜನ ನೋಡದೆ ಬರುತ್ತಾರೆ. ನೀವು ಹಾಗೆ ಮಾಡಬೇಡಿ, ಕೆತ್ತನೆ ಅಲ್ಲೇ ಇರುವುದು.

ಮಾಗಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ನೆರಳು. ಇಲ್ಲಿ ಬಯಲು, ನೀಲಗಿರಿ ತೋಪು, ಗುಂಡು ಬಂಡೆಗಳು. ಏಪ್ರಿಲ್ ಮಧ್ಯಾಹ್ನ ಈ ದಾರಿ ಯಾರಿಗೂ ಬೇಡ. ಆದರೆ ಮೇ ಕೊನೆ, ಜೂನ್‌ನಲ್ಲಿ ಶ್ರೀನಿವಾಸಪುರದ ಮಾವು ಬರುತ್ತದೆ. ಮೈಲಿಗಟ್ಟಲೆ ಮಾವಿನ ತೋಪು. ಆಗ ಬೆಳಿಗ್ಗೆ ಐದೂವರೆಗೇ ಹೊರಟು ಹಣ್ಣು ತುಂಬಿಕೊಂಡು ಹನ್ನೊಂದಕ್ಕೆ ಹಿಂದಿರುಗುವುದು ಒಳ್ಳೇದು.

ಕೆರೆಗಳ ಬಗ್ಗೆಯೂ ಹೇಳಬೇಕು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ, ಹಿಂದಿನವರು ಕೆರೆ ಕಟ್ಟಿಯೇ ಬದುಕಿದರು. ಆ ಕೆರೆಗಳು ಒಣಗಿ ಬಿರುಕು ಬಿಟ್ಟಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿಗೆ ಹರಿಸುತ್ತಿದ್ದಾರೆ. ನೀರಿನ ಗುಣದ ಬಗ್ಗೆ ರೈತರಲ್ಲೂ ತಜ್ಞರಲ್ಲೂ ವಾದ ಇದೆ. ಆದರೆ ಕೆರೆ ಏರಿ ಮೇಲೆ ಗಾಡಿ ಓಡಿಸುವವರ ಕಣ್ಣಿಗೆ ಬೇಸಿಗೆಯಲ್ಲೂ ನೀರು ಕಾಣುತ್ತದೆ. ನಮ್ಮ ಮನೆಯ ಬಚ್ಚಲಿನಿಂದ ಹೋದ ನೀರು ಅದು. ಬೆಂಗಳೂರಿನವರು ಒಮ್ಮೆ ಅಲ್ಲಿ ನಿಂತು ನೋಡಬೇಕು ಅಂತ ನನಗೆ ಅನ್ನಿಸುತ್ತದೆ.

ಕೆ.ಜಿ.ಎಫ್. ಸೇರಿಸಬೇಕಾ? ಗಣಿಗಳು 2001ರಲ್ಲೇ ಮುಚ್ಚಿದವು, ಒಳಗೆ ಬಿಡುವುದಿಲ್ಲ. ಹಳೇ ಬಂಗಲೆ, ಗಣಿಯ ಮಣ್ಣಿನ ದಿಬ್ಬ ಇಷ್ಟೇ ಕಾಣುವುದು. ಇತಿಹಾಸದ ಹುಚ್ಚಿದ್ದರೆ ಅದಕ್ಕೇ ಬೇರೆ ದಿನ ಇಡಿ.

ದಕ್ಷಿಣ: ಕನಕಪುರ, ಸಂಗಮ ಮತ್ತು ಕೊಕ್ಕರೆ ಬೆಳ್ಳೂರು

ಕನಕಪುರ ರಸ್ತೆ ಅಗಲವಾದಮೇಲೆ ಬೇಗ ತಲುಪುತ್ತದೆ, ಆದರೆ ಕನಕಪುರದವರೆಗೆ ಹಳ್ಳಿ ದಾರಿಯ ಸುಖ ಇಲ್ಲ. ಆಮೇಲೆ ಸಂಗಮದ ರಸ್ತೆ ಚೆನ್ನ. ಕೊನೆಯ ಭಾಗ ಕಾವೇರಿ ವನ್ಯಜೀವಿ ಧಾಮದೊಳಗೆ ಇಳಿಯುತ್ತದೆ. ಆನೆ ಓಡಾಡುವ ಕಾಡು. ಕತ್ತಲಾಗುವ ಮುಂಚೆ ಹೊರಗಿರಬೇಕು, ಮಧ್ಯೆ ಗಾಡಿ ನಿಲ್ಲಿಸಿ ಫೋಟೋ ತೆಗೆಯಬಾರದು. ಮೇಕೆದಾಟಿನ ಬಂಡೆಗಳು ನುಣುಪು. ಅಂಚಿಗೆ ಹೋಗಬೇಡಿ, ಮಕ್ಕಳ ಕೈ ಬಿಡಬೇಡಿ. ಮಳೆಗಾಲದಲ್ಲಿ ನೀರು ಏರಿದಾಗ ಹೊಳೆ ದಾಟಲೂ ಆಗುವುದಿಲ್ಲ.

ಇದಕ್ಕಿಂತ ನನಗೆ ಇಷ್ಟ, ಸಾತನೂರಿನಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿ. ತೆಂಗು, ರೇಷ್ಮೆ ಸೊಪ್ಪು, ಮಾವು. ಚನ್ನಪಟ್ಟಣದಲ್ಲಿ ಬಣ್ಣದ ಬೊಂಬೆ ಮಾಡುವವರ ಮನೆ ಮುಂದೆ ನಿಂತು ಅರಗು ಹಚ್ಚುವುದು ನೋಡಬಹುದು. ಎಕ್ಸ್‌ಪ್ರೆಸ್‌ವೇ ಬಂದಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು ಊರುಗಳು ಪಕ್ಕಕ್ಕೆ ಸರಿದುಬಿಟ್ಟಿವೆ. ಅವುಗಳ ಒಳಗೆ ಹೋಗುವ ಹಳೇ ರಸ್ತೆ ಈಗ ಮೊದಲಿಗಿಂತ ಆರಾಮ. ಜಾನಪದ ಲೋಕಕ್ಕೂ ಕೊಕ್ಕರೆ ಬೆಳ್ಳೂರಿಗೂ ಹಳೇ ರಸ್ತೆಯಲ್ಲೇ ಹೋಗಬೇಕು. ಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದು ಗೂಡು ಕಟ್ಟುತ್ತವೆ. ಜನವರಿಯಿಂದ ಮೇವರೆಗೆ ನೋಡಬಹುದು. ಊರ ಮಧ್ಯದ ಹುಣಸೆ ಮರಗಳ ಮೇಲೆ, ಜನರ ತಲೆ ಮೇಲೆ ಗೂಡು. ಊರವರು ಅವನ್ನು ಮನೆ ಮಕ್ಕಳ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಹಾರ್ನ್ ಹೊಡೆಯಬೇಡಿ, ಡ್ರೋನ್ ಹಾರಿಸಬೇಡಿ.

ಆನೇಕಲ್ ದಾಟಿ ತಳಿ ಕಡೆ ಹೋಗುವವರೂ ಇದ್ದಾರೆ. ತಂಪು ಊರು, ಹೂವಿನ ತೋಟಗಳು. ಆದರೆ ಜಿಗಣಿವರೆಗೆ ಲಾರಿಗಳ ಕಾಟ, ಆಮೇಲೆ ತಮಿಳುನಾಡಿನ ಗಡಿ. ಬಾಡಿಗೆ ಕಾರಾದರೆ ಪರ್ಮಿಟ್ ವಿಚಾರ ಮೊದಲೇ ಕೇಳಿಕೊಳ್ಳಿ.

ತುಮಕೂರು ಕಡೆ

ಇದಕ್ಕೆ ಜಾಸ್ತಿ ಮಾತು ಬೇಡ. ದಾಬಸ್‌ಪೇಟೆವರೆಗೆ ಹೆದ್ದಾರಿ ಬಿಟ್ಟರೆ ಗತಿ ಇಲ್ಲ. ಅಲ್ಲಿಂದ ಊರ್ಡಿಗೆರೆ ಮೇಲೆ ದೇವರಾಯನದುರ್ಗಕ್ಕೆ ಹೋಗುವ ಕಾಡು ದಾರಿ ಮಾತ್ರ ತುಂಬಾ ಚೆನ್ನಾಗಿದೆ, ಅದರಲ್ಲೂ ಮಳೆ ನಿಂತ ಮೇಲೆ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ಹತ್ತಿರದಲ್ಲೇ ನಾಮದ ಚಿಲುಮೆ. ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅರ್ಧ ದಿನಕ್ಕೆ ಸರಿಯಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಹೊಸದಾಗಿ ಕಾರು ಕಲಿತವರು ಮೊದಲು ದೊಡ್ಡಬಳ್ಳಾಪುರ–ಘಾಟಿ–ನಂದಿ ಗ್ರಾಮದ ಸುತ್ತು ಮಾಡಿ. ತಿರುವು ಕಮ್ಮಿ, ರಸ್ತೆ ನೆಟ್ಟಗಿದೆ. ಹಿರಿಯರಿದ್ದರೂ ಅದೇ. ಡ್ರೈವಿಂಗ್ ಇಷ್ಟಪಡುವವರಿಗೆ, ತಿರುವು ಬೇಕು ಅನ್ನುವವರಿಗೆ ಮಾಗಡಿ–ಸಾವನದುರ್ಗ–ಮಂಚನಬೆಲೆ. ಒಬ್ಬರೇ ಅಥವಾ ಇಬ್ಬರೇ, ಮಾತಿಲ್ಲದೆ ದೂರ ಹೋಗಬೇಕು ಅನ್ನಿಸಿದಾಗ ಗುಡಿಬಂಡೆ. ಹಳೇ ಕಲ್ಲು, ಶಾಸನ, ದೇವಸ್ಥಾನ ಇಷ್ಟ ಇದ್ದರೆ ಆವನಿ–ಕುರುಡುಮಲೆಗೆ ಸಮ ಬೇರೆ ಇಲ್ಲ. ಹಕ್ಕಿ ನೋಡುವ ಮಕ್ಕಳಿದ್ದರೆ ಕೊಕ್ಕರೆ ಬೆಳ್ಳೂರು. ಅರ್ಧ ದಿನವೇ ಇರುವುದು ಅಂದರೆ ಮಾಗಡಿ ಅಥವಾ ದೇವರಾಯನದುರ್ಗ. ಸಂಗಮಕ್ಕೆ ಅರ್ಧ ದಿನದಲ್ಲಿ ಹೋಗಿಬರಲು ನೋಡಬೇಡಿ, ಬರೀ ಓಟ ಆಗುತ್ತದೆ.

ಯಾವ ಕಾರು ಅನ್ನುವ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಚಿಕ್ಕ ಕಾರೇ ವಾಸಿ. ಕೆರೆ ಏರಿ ಮೇಲೆ ಎದುರಿಗೆ ಟ್ರಾಕ್ಟರ್ ಬಂದರೆ ರಿವರ್ಸ್ ತೆಗೆಯಬೇಕಾದವರು ನೀವೇ. ದೊಡ್ಡ ಗಾಡಿಯಲ್ಲಿ ಅದು ಕಷ್ಟ. ನೆಲಕ್ಕೆ ತಗ್ಗಿರುವ ಸೆಡಾನ್ ಆದರೆ ಹಂಪ್‌ಗಳಲ್ಲಿ ಹೊಟ್ಟೆ ತಗುಲುತ್ತದೆ. ಹಳ್ಳಿ ಹಂಪ್‌ಗಳಿಗೆ ಬಿಳಿ ಪಟ್ಟೆ ಇರಲ್ಲ, ಬೋರ್ಡ್ ಇರಲ್ಲ. ಶಾಲೆ, ಗುಡಿ, ಮನೆಗಳ ಗುಂಪು ಕಂಡರೆ ಹಂಪ್ ಇದೆ ಅಂತಲೇ ತಿಳಿದು ನಿಧಾನ ಮಾಡಿ.

ಹಳ್ಳಿ ರಸ್ತೆಯಲ್ಲಿ ನಡೆದುಕೊಳ್ಳುವ ರೀತಿ

ರಸ್ತೆ ಅಲ್ಲಿನವರ ಅಂಗಳ ಕೂಡ ಹೌದು. ಕೊಯ್ಲಿನ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿರುತ್ತಾರೆ, ಗಾಡಿ ಚಕ್ರ ಹತ್ತಿ ಕಾಳು ಉದುರಲಿ ಅಂತ. ತೆಳ್ಳಗೆ ಹರಡಿದ್ದರೆ ನಿಧಾನಕ್ಕೆ ದಾಟಿ. ದಪ್ಪಗೆ ಹಾಕಿದ್ದರೆ, ಅದರಲ್ಲೂ ಹುರುಳಿ ಬಳ್ಳಿಯಾದರೆ, ಪಕ್ಕದಲ್ಲಿ ಜಾಗ ಕೇಳಿ ಹೋಗಿ. ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹೊತ್ತಿ ಕಾರು ಸುಟ್ಟುಹೋದದ್ದೂ ಇದೆ. ದಾಟಿದ ಮೇಲೆ ಒಮ್ಮೆ ಇಳಿದು ಕೆಳಗೆ ಬಗ್ಗಿ ನೋಡಿ. ಅದರ ಮೇಲೆ ಬ್ರೇಕ್ ಒತ್ತಬೇಡಿ, ಜಾರುತ್ತದೆ.

ಕುರಿ ಮಂದೆ ಬಂದರೆ ಎಂಜಿನ್ ಆಫ್ ಮಾಡಿ ಕಾಯಿರಿ. ಹಾರ್ನ್ ಹೊಡೆದರೆ ಚದುರಿ ಇನ್ನೂ ತಡವಾಗುತ್ತದೆ. ದಾರಿ ಕೇಳುವಾಗ ಗಾಡಿ ನಿಲ್ಲಿಸಿ, ಇಳಿದು, ಅಣ್ಣ, ಅಕ್ಕ, ಯಜಮಾನ್ರೇ ಅಂತ ಕೇಳಿ. ಒಳಗೇ ಕೂತು ಅರ್ಧ ಇಳಿಸಿದ ಗಾಜಿನಿಂದ ಕೂಗುವುದು ಚೆನ್ನಾಗಿರಲ್ಲ. ಮ್ಯಾಪ್ ಕೆಲವೊಮ್ಮೆ ತೋಟದೊಳಗಿನ ಬಂಡಿ ಜಾಡು ತೋರಿಸುತ್ತದೆ. ಟಾರು ಮುಗಿದು ಮಣ್ಣು ಶುರುವಾದರೆ, ಮಳೆ ಬಂದಿದ್ದರೆ, ಅಲ್ಲೇ ತಿರುಗಿಸಿ. ಕೆರೆ ಪಕ್ಕದ ಮಣ್ಣಿನಲ್ಲಿ ಚಕ್ರ ಹೂತರೆ ಟ್ರಾಕ್ಟರ್ ಕರೆಯಬೇಕಾಗುತ್ತದೆ.

ಚಿಲ್ಲರೆ ಇಟ್ಟುಕೊಳ್ಳಿ. ಟೀ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇರುತ್ತದೆ, ಆದರೆ ಬೆಟ್ಟದ ಹಿಂದೆ ನೆಟ್‌ವರ್ಕ್ ಇರಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಜಾಕ್ ಇದೆಯಾ ಅಂತ ಹಿಂದಿನ ದಿನವೇ ನೋಡಿ. ಪಂಚರ್ ಅಂಗಡಿ ಹೋಬಳಿ ಊರುಗಳಲ್ಲಿ ಸಿಗುತ್ತದೆ, ಮಧ್ಯದಲ್ಲಿ ಸಿಗಲ್ಲ. ನಿಮ್ಮ ಕಸ ನಿಮ್ಮ ಜೊತೆ ವಾಪಸ್ಸು ಬರಬೇಕು. ಊರ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಸಿಕ್ಕರೆ ಬಿಡಬೇಡಿ. ಹೊರಗಿನಿಂದ ಬುತ್ತಿ ಕಟ್ಟಿಕೊಂಡು ಹೋಗುವುದಕ್ಕಿಂತ ಅಲ್ಲೇ ತಿಂದರೆ ಅವರಿಗೂ ನಾಲ್ಕು ಕಾಸು.

ವಾಪಸ್ಸು ಬರುವಾಗ

ಸೂರ್ಯ ಮುಳುಗಿದ ಮೇಲೆ ಹಳ್ಳಿ ರಸ್ತೆ ಬೇಡ. ಹಿಂದೆ ದೀಪವಿಲ್ಲದ ಟ್ರಾಕ್ಟರ್, ರಸ್ತೆ ಮಧ್ಯೆ ಮಲಗಿದ ದನ, ಕುಡಿದು ನಡೆಯುವವರು, ಏನೂ ಕಾಣುವುದಿಲ್ಲ. ನಾಲ್ಕೂವರೆಗೆ ಹಳ್ಳಿ ದಾರಿ ಮುಗಿಸಿ ಹೆದ್ದಾರಿಗೆ ಬನ್ನಿ.

ಭಾನುವಾರ ಸಂಜೆ ಐದು ದಿಕ್ಕುಗಳೂ ಒಂದೊಂದು ಕಡೆ ಕಟ್ಟಿಕೊಳ್ಳುತ್ತವೆ. ಬಳ್ಳಾರಿ ರಸ್ತೆ ಹೆಬ್ಬಾಳದಲ್ಲಿ, ಹಳೇ ಮದ್ರಾಸ್ ರಸ್ತೆ ಕೆ.ಆರ್. ಪುರದಲ್ಲಿ, ತುಮಕೂರು ರಸ್ತೆ ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯದವರೆಗೆ, ಮೈಸೂರು ರಸ್ತೆ ಕೆಂಗೇರಿಯಲ್ಲಿ. ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿಗೆ ಮೊದಲೇ ನೈಸ್ ರೋಡ್ ಹತ್ತಿಬಿಟ್ಟರೆ ಸುಂಕದಕಟ್ಟೆ ತಪ್ಪುತ್ತದೆ. ಪೂರ್ವದಿಂದ ಬರುವ ಯಲಹಂಕ, ದೊಡ್ಡಬಳ್ಳಾಪುರದವರು ಹೊಸಕೋಟೆಯಲ್ಲೇ ಸ್ಯಾಟಲೈಟ್ ರಿಂಗ್ ರೋಡ್ ಹಿಡಿದು ದೇವನಹಳ್ಳಿ ಕಡೆ ಹೋಗಿಬಿಡಬಹುದು, ನಗರದೊಳಗೆ ಬರಬೇಕಾಗಿಲ್ಲ. ಉಳಿದವರು ಕೆ.ಆರ್. ಪುರಕ್ಕೆ ಐದು ಗಂಟೆಯೊಳಗೆ ಬನ್ನಿ. ಆಗಲಿಲ್ಲ ಅಂದರೆ ಹೊಸಕೋಟೆ ಕೆರೆ ಹತ್ತಿರ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಎಂಟೂವರೆ ಆದಮೇಲೆ ಹೊರಡಿ.